ಗ್ರಾಫಿಕ್ಸ್ ಕಾರ್ಡನ್ನು ನಮ್ಮ ಸೆಕೆಯಲ್ಲೂ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಗೇಮಿಂಗ್‌ಗೆ ಬೇಕಾದ, ಕಂಪ್ಯೂಟರಿನಲ್ಲಿ ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬಗ್ಗೆ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಬರಹ ಓದಿದೆ. ಫ್ಯಾಕ್ಟರಿಯಲ್ಲೇ ಓವರ್‌ಕ್ಲಾಕ್ ಆಗಿ, ಅಂದರೆ ಚಿಪ್‌ಗೆ ನಿಗದಿಯಾದದ್ದಕ್ಕಿಂತ ಜಾಸ್ತಿ ವೇಗ ಹೊಂದಿಸಿಕೊಂಡು, ಮೂರು ಫ್ಯಾನ್ ಹೊತ್ತು ಬರುವ ಕಾರ್ಡನ್ನು ಬರೆದವರು ಬಾಯ್ತುಂಬ ಹೊಗಳಿದ್ದಾರೆ. ಹೊಗಳಲಿ, ತಪ್ಪೇನಿಲ್ಲ. ಆದರೆ ಪರೀಕ್ಷೆ ಮಾಡಿದ ಕೋಣೆಯಲ್ಲಿ ಎಷ್ಟು ಡಿಗ್ರಿ ಇತ್ತು ಅಂತ ಒಂದು ಸಾಲೂ ಇಲ್ಲ. ಬದಿಯಡ್ಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಮೊದಲು ಬೇಕಾದದ್ದೇ ಆ ಸಾಲು.

ಏಪ್ರಿಲ್ ಮಧ್ಯಾಹ್ನ ನನ್ನ ಅಂಗಡಿಯೊಳಗೆ 33 ಡಿಗ್ರಿ ಇರುತ್ತದೆ. ಏಸಿ ಇಲ್ಲ. ಕಾರ್ಡಿನ ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಕೋಣೆಯ ಗಾಳಿಯನ್ನೇ ಎಳೆದು ಚಿಪ್‌ನ ಬಿಸಿಯನ್ನು ಹೊರಗೆ ತಳ್ಳುತ್ತದೆ, ಅಷ್ಟೆ. 22 ಡಿಗ್ರಿಯ ಏಸಿ ಕೋಣೆಯಲ್ಲಿ 65 ತೋರಿಸುವ ಚಿಪ್, ಅದೇ ಫ್ಯಾನ್ ವೇಗದಲ್ಲಿ ಇಲ್ಲಿ 76ರ ಹತ್ತಿರ ಬಂದು ನಿಲ್ಲುತ್ತದೆ. ಫ್ಯಾನ್ ಜೋರಾದರೆ ಬಿಸಿ ಸ್ವಲ್ಪ ಇಳಿಯುತ್ತದೆ, ಸದ್ದು ಏರುತ್ತದೆ. ಹಾಗಾದರೆ ಪತ್ರಿಕೆಯಲ್ಲಿ ಬಂದ ಅಂಕಿ ನಮಗೆ ಎಷ್ಟು ಉಪಯೋಗ, ಹೇಳಿ?

ಓವರ್‌ಕ್ಲಾಕ್ ವಿಷಯಕ್ಕೆ ಬರುತ್ತೇನೆ. ಚಿಪ್ ಕಂಪೆನಿ ಎನ್ವಿಡಿಯಾದ ಆರ್‌ಟಿಎಕ್ಸ್ 3060 ಅನ್ನುವ ಗೇಮಿಂಗ್ ಕಾರ್ಡು ಬಂದದ್ದು 2021ರಲ್ಲಿ. ಹಳೆಯದಾಯಿತು, ಆದರೂ ನನ್ನ ಅಂಗಡಿಗೆ ಜಾಸ್ತಿ ಬರುವುದು ಅದೇ. ಅದಕ್ಕೆ ಎನ್ವಿಡಿಯಾ ಹೇಳಿದ ಬೂಸ್ಟ್ ವೇಗ, ಅಂದರೆ ಆಟ ಆಡುವಾಗ ಚಿಪ್ ಏರಿಸಿಕೊಳ್ಳುವ ವೇಗ, 1777 ಮೆಗಾಹರ್ಟ್ಸ್. ಓವರ್‌ಕ್ಲಾಕ್ ಆಗಿ ಬರುವ ಕಾರ್ಡಿನ ಡಬ್ಬಿಯ ಮೇಲೆ 1837 ಅಂತ ಇರುತ್ತದೆ. 60 ಮೆಗಾಹರ್ಟ್ಸ್ ಅಂದರೆ ನೂರಕ್ಕೆ ಮೂರೂವರೆಯೂ ಆಗುವುದಿಲ್ಲ. ಆಟ ಸೆಕೆಂಡಿಗೆ 60 ಫ್ರೇಮ್‌ನಲ್ಲಿ (ಪರದೆಯ ಮೇಲೆ ಬರುವ ಚಿತ್ರಗಳಲ್ಲಿ) ಓಡುತ್ತಿದ್ದರೆ ಹೆಚ್ಚೆಂದರೆ 62 ಆದೀತು. ಅದನ್ನು ಕಣ್ಣಿನಲ್ಲಿ ಗುರುತಿಸುವವರು ಯಾರೂ ಇಲ್ಲ, ಹುಡುಗರು ಏನೇ ಹೇಳಲಿ.

ಇನ್ನೊಂದು ಸಂಗತಿ ಇದೆ. 2012ರ ಜಿಟಿಎಕ್ಸ್ 680ರಿಂದ ಈಚೆಗೆ ಎನ್ವಿಡಿಯಾದ ಗೇಮಿಂಗ್ ಚಿಪ್‌ಗಳು ತಾವೇ ವೇಗ ಏರಿಸಿಕೊಳ್ಳುತ್ತವೆ. ತಂಪಾಗಿದ್ದರೆ, ಕರೆಂಟಿನ ಮಿತಿಯೊಳಗೆ ಇದ್ದರೆ, ಸಾದಾ ಕಾರ್ಡು ಕೂಡ 1777 ದಾಟಿ ಓಡುತ್ತದೆ. ಬಿಸಿ ಏರಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ವೇಗ ಇಳಿಯುತ್ತದೆ. 3060ರ ಗರಿಷ್ಠ ಮಿತಿ 93 ಡಿಗ್ರಿ, ಆದರೆ ಈ ಇಳಿಕೆ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗುತ್ತದೆ. ಹಾಗಾಗಿ ನಮ್ಮ ಸೆಕೆಯಲ್ಲಿ ಕೆಲಸ ಮಾಡುವುದು ಡಬ್ಬಿಯ ಮೇಲಿನ ಅಂಕಿಯಲ್ಲ, ಚಿಪ್‌ನ ಬಿಸಿಯನ್ನು ಹೊರಗೆ ಸಾಗಿಸುವ ಕೂಲರ್‌ನ ತಾಮ್ರದ ಪೈಪು ಮತ್ತು ಅಲ್ಯೂಮಿನಿಯಂ ರೆಕ್ಕೆಗಳು. ಕಸ್ಟಮ್ ಕೂಲಿಂಗ್, ಅಂದರೆ ಕಾರ್ಡು ಮಾಡುವ ಕಂಪೆನಿ ತನ್ನದೇ ಕೂಲರ್ ಹಾಕುವುದೂ ಅಂಥ ದೊಡ್ಡ ವಿಶೇಷವಲ್ಲ. 3060ಕ್ಕೆ ಎನ್ವಿಡಿಯಾ ತನ್ನದೇ ಕಾರ್ಡು ಮಾಡಿ ಮಾರಲೇ ಇಲ್ಲ. ಮಾರುಕಟ್ಟೆಯಲ್ಲಿ ಇದ್ದ ಕಾರ್ಡುಗಳಿಗೆಲ್ಲ ಬೇರೆ ಬೇರೆ ಕಂಪೆನಿಗಳು ತಂತಮ್ಮ ಕೂಲರ್ ಹಾಕಿದವು.

ಪೆರ್ಲದ ಅಡಿಕೆ ಕೃಷಿಕರೊಬ್ಬರ ಮಗಳಿಗೆ ಮೆಷಿನ್ ಜೋಡಿಸುವಾಗ ಎರಡು ಫ್ಯಾನಿನ ಸಾದಾ ಕಾರ್ಡು, ಮೂರು ಫ್ಯಾನಿನದ್ದು ಎರಡನ್ನೂ ಅವಳ ಎದುರೇ ಓಡಿಸಿದೆ. ಫ್ರೇಮ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸದ್ದಿನಲ್ಲಿ ಭಾರೀ ವ್ಯತ್ಯಾಸ. ಚಿಕ್ಕದು ಮಿಕ್ಸಿಯ ಹಾಗೆ ಕೂಗುತ್ತಿತ್ತು, ದೊಡ್ಡದು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. "ರಾತ್ರಿ ಆಡುವುದು ಅಣ್ಣಾ, ಪಕ್ಕದ ಕೋಣೆಯಲ್ಲಿ ಅಜ್ಜ ಮಲಗುತ್ತಾರೆ" ಅಂತ ಅವಳು ದೊಡ್ಡದನ್ನೇ ಆರಿಸಿದಳು. ಸರಿಯಾದ ಕಾರಣ. ಆದರೆ ಅದರ ಉದ್ದ 30 ಸೆಂಟಿಮೀಟರ್. ಅವಳ ಹಳೆಯ ಕ್ಯಾಬಿನೆಟ್‌ನಲ್ಲಿ ಹಾರ್ಡ್‌ಡಿಸ್ಕ್ ಕೂರುವ ಚೌಕಟ್ಟನ್ನು ಬಿಚ್ಚಿಯೇ ಸೇರಿಸಬೇಕಾಯಿತು. ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆಯಿರಿ ಅಂತ ಯಾವ ಬರಹದಲ್ಲೂ ಇರುವುದಿಲ್ಲ. ಮುಂಭಾಗ ಪೂರ್ತಿ ಗಾಜಿರುವ ಕ್ಯಾಬಿನೆಟ್ ಆದರೆ ಮೂರು ಫ್ಯಾನೂ ಸುಮ್ನೆ ಒಳಗಿನ ಬಿಸಿಗಾಳಿಯನ್ನೇ ತಿರುಗಿಸುತ್ತವೆ. ಬಣ್ಣದ ಲೈಟಿಗೆ ಕೊಡುವ ದುಡ್ಡನ್ನು ಎದುರು ಜಾಲರಿ ಇರುವ ಕ್ಯಾಬಿನೆಟ್‌ಗೆ ಕೊಡಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ಕೇಳುವವರು ಕಮ್ಮಿ.

ಮಳೆಗಾಲದ ತೇವಕ್ಕೆ ರೆಕ್ಕೆಗಳ ನಡುವಿನ ಧೂಳು ಅಂಟಾಗುತ್ತದೆ, ಬ್ರಷ್ ಹಾಕದೆ ಬಿಡುವುದಿಲ್ಲ. ಸಿಡಿಲಿನ ದಿನ ಪ್ಲಗ್ ಕಿತ್ತಿಡಬೇಕು. 3060 ಒಂದೇ 170 ವ್ಯಾಟ್ ಎಳೆಯುತ್ತದೆ, ಕಂಪ್ಯೂಟರಿನ ಉಳಿದ ಭಾಗ ಬೇರೆ. ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುವ 600 ವಿಎ ಯುಪಿಎಸ್ ಅದಕ್ಕೆ ಸಾಲುವುದು ಕಷ್ಟ.

ಕೂಲರ್ ದೊಡ್ಡದಿದೆ ಅಂತ ಒಂದೆರಡು ಸಾವಿರ ಜಾಸ್ತಿ ಕೊಡುವುದನ್ನು ನಾನು ಒಪ್ಪುತ್ತೇನೆ. ಬರೀ ಆ 60 ಮೆಗಾಹರ್ಟ್ಸ್‌ಗಾಗಿ ನೂರು ರೂಪಾಯಿಯೂ ದಂಡ. ಐದಾರು ಸಾವಿರ ಜಾಸ್ತಿ ಕೇಳಿದರೆ ಅದಕ್ಕಿಂತ ಮೇಲಿನ ಚಿಪ್‌ನ ಸಾದಾ ಕಾರ್ಡು ಎಷ್ಟಕ್ಕೆ ಸಿಗುತ್ತದೆ ಅಂತ ಮೊದಲು ವಿಚಾರಿಸಬೇಕು, ಅಲ್ವಾ?

ಹಾಗಾಗಿ ಇಷ್ಟೇ ಕೋರಿಕೆ. ಮುಂದಿನ ಸಲ ಕಾರ್ಡಿನ ಬಗ್ಗೆ ಬರೆಸುವಾಗ ಕೋಣೆಯ ಉಷ್ಣತೆ, ಫ್ಯಾನಿನ ಸದ್ದು, ಕಾರ್ಡಿನ ಉದ್ದ, ಅದೇ ಚಿಪ್‌ನ ಸಾದಾ ಕಾರ್ಡಿಗೂ ಅದಕ್ಕೂ ಇರುವ ಬೆಲೆಯ ಅಂತರ ಹಾಕಿಸಿ. ಮಂಗಳೂರಿನಲ್ಲೇ ಮೇ ತಿಂಗಳಲ್ಲಿ ಏಸಿ ಆಫ್ ಮಾಡಿ ಒಂದು ಗಂಟೆ ಆಟ ಓಡಿಸಿ ನೋಡಿದರೂ ಸಾಕು.

ಇತಿ,
ನಿಮ್ಮ ಓದುಗ, ಬದಿಯಡ್ಕ, ಕಾಸರಗೋಡು ಜಿಲ್ಲೆ