ಶಾಂತಿನಿಕೇತನದ ಓದು ಮುಗಿದ ಹೊತ್ತಿನಲ್ಲಿ

ಶಾಂತಿನಿಕೇತನದ ವಿಶ್ವಭಾರತಿ ವಿಶ್ವವಿದ್ಯಾಲಯದ ಸಂಗೀತ ಭವನದಲ್ಲಿ ನಾನು ಮಾಡುತ್ತಿದ್ದ ರವೀಂದ್ರ ಸಂಗೀತದ, ಅಂದರೆ ರವೀಂದ್ರನಾಥ ಟಾಗೋರರ ಹಾಡುಗಳ, ಸ್ನಾತಕೋತ್ತರ ಪದವಿಯ ಫಲಿತಾಂಶ ಬಂದಿದ್ದು, ತೇರ್ಗಡೆಯಾಗಿದ್ದೇನೆ. ನಡುವೆ ಏನಾಯಿತೆಂಬುದು ಇದನ್ನು ಓದುವ ಬಹುತೇಕರಿಗೆ ಗೊತ್ತಿರುವುದರಿಂದ ಕಾಯಿಲೆಯ ಕಥೆಯನ್ನು ಮತ್ತೆ ಹೇಳುವುದಿಲ್ಲ. ಉಸಿರಿಗೇ ಸಂಚಕಾರ ಬಂದವಳೊಬ್ಬಳು ಹಾಡುಗಾರಿಕೆಯ ಪರೀಕ್ಷೆಯನ್ನು ಮುಗಿಸಿ ಊರಿಗೆ ಮರಳಿದ್ದಾಳೆಂದರೆ ಅದು ಒಬ್ಬಳ ಸಾಧನೆಯಲ್ಲ. ಆದುದರಿಂದಲೇ ಈ ಬರಹ.

ಕಾರವಾರದವಳಾದ ನನಗೆ ರವೀಂದ್ರನಾಥರ ಹೆಸರು ಹೊಸದೇನಲ್ಲ. ನಮ್ಮ ಕಡಲತೀರಕ್ಕೇ ಆ ಹೆಸರಿದೆ. 1883ರಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದುಕೊಂಡಿದ್ದಾಗ ಅವರು ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದರೆಂಬುದನ್ನು ಹಿರಿಯರಿಂದ ಕೇಳುತ್ತಲೇ ಬೆಳೆದವರು ನಾವು. ಆದರೂ ಬಂಗಾಳಿ ಓದಲು ಬಾರದ ಮಗಳನ್ನು ಅಷ್ಟು ದೂರದ, ಶಾಂತಿನಿಕೇತನದ ನಿಲ್ದಾಣವಾದ ಬೋಲಪುರದ ರೈಲು ಹತ್ತಿಸಲು ಅಪ್ಪ ಅಮ್ಮನಿಗೆ ಧೈರ್ಯ ಬೇಕಿತ್ತು. ಆ ಧೈರ್ಯಕ್ಕೆ ಮೊದಲ ನಮಸ್ಕಾರ. ರವೀಂದ್ರನಾಥರ ಹಾಡುಗಳ ಸ್ವರಪ್ರಸ್ತಾರವಿರುವ ‘ಸ್ವರಬಿತಾನ್’ ಸಂಪುಟಗಳ ಆಕಾರಮಾತ್ರಿಕ ಎಂಬ ಸ್ವರಲಿಪಿಯನ್ನು ಅಕ್ಷರಾಭ್ಯಾಸದಂತೆ ತಿದ್ದಿಸಿದ ಅಧ್ಯಾಪಕರಿಗೆ, ನನ್ನ ಉಸಿರು ಎಲ್ಲಿ ನಿಂತರೆ ಅಲ್ಲಿ ಕಮಾನಿನಿಂದ ನುಡಿಸುವ ತಂತಿವಾದ್ಯ ಎಸ್ರಾಜ್ ನಿಲ್ಲಿಸಿ ಕಾದ ಸಹಪಾಠಿಗಳಿಗೆ, ವಾರದ ರಜೆಯಾದ ಬುಧವಾರಗಳಂದು ಗಂಜಿ ಹೊತ್ತು ಬರುತ್ತಿದ್ದ ಪಕ್ಕದ ಓಣಿಯ ಮಾಶಿಮಾಗೆ (ಬಂಗಾಳಿಯಲ್ಲಿ ಚಿಕ್ಕಮ್ಮ), ಕೇಳುವ ಮೊದಲೇ ಹಣ ಕಳುಹಿಸಿದ ಶಿರಸಿ, ಧಾರವಾಡ, ಬೆಂಗಳೂರಿನ ಗೆಳೆಯರಿಗೆ ನಾನು ಋಣಿ. ಇವರೆಲ್ಲರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದ್ದಕ್ಕೆ ಯಾರೂ ಬೇಸರಿಸಲಾರರು ಎಂದು ನಂಬಿದ್ದೇನೆ, ಏಕೆಂದರೆ ಉಳಿದ ಮಾತುಗಳು ಯಾರಿಗೆ ಸಲ್ಲಬೇಕೆಂಬುದು ಅವರಿಗೂ ಗೊತ್ತು.

ಆ ವಿಶ್ವವಿದ್ಯಾಲಯದಲ್ಲಿ ಋತುಗಳ ಹಬ್ಬವೆಂದರೆ ಓದಿಗೆ ಬಿಡುವಲ್ಲ, ಓದಿನದೇ ಒಂದು ಭಾಗ. ಶ್ರಾವಣದ ಇಪ್ಪತ್ತೆರಡರಂದು, ಅಂದರೆ ಕವಿ ತೀರಿಕೊಂಡ ತಿಥಿಯಂದು, ಸಸಿಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಹಾಡು ನೃತ್ಯಗಳೊಂದಿಗೆ ಕರೆತಂದು ನೆಡುತ್ತಾರೆ, ಇದು ವೃಕ್ಷಾರೋಪಣ. ಮರುದಿನ ಪಕ್ಕದ ಶ್ರೀನಿಕೇತನದಲ್ಲಿ ಎತ್ತುಗಳನ್ನು ಸಿಂಗರಿಸಿ ನೇಗಿಲು ಹೂಡುವ ಹಲಕರ್ಷಣ ನಡೆಯುತ್ತದೆ. ಎರಡೂ 1928ರಲ್ಲಿ ಆರಂಭವಾದ ಆಚರಣೆಗಳು. ಮಹಾಲಯದ ದಿನ ವಿದ್ಯಾರ್ಥಿಗಳೇ ಅಂಗಡಿ ಹಾಕುವ ಆನಂದ ಬಾಜಾರ್, ಪೌಷದ ಏಳರ ಉತ್ಸವ, ಕೊನೆಗೆ ವಸಂತೋತ್ಸವ ಹೀಗೆ ವರ್ಷ ಸುತ್ತುತ್ತದೆ, ಮತ್ತು ಪ್ರತಿ ತಿರುವಿನಲ್ಲೂ ತರಗತಿಯಲ್ಲಿ ಕಲಿತ ಹಾಡನ್ನು ಅದರ ಋತುವಿನ ಎದುರು ನಿಂತು ಒಪ್ಪಿಸಬೇಕಾಗುತ್ತದೆ. ಹೊರಗಿನವರು ವಸಂತದ ಹಳದಿ ಸೀರೆ, ಗುಲಾಲಿನ ಚಿತ್ರಗಳನ್ನಷ್ಟೇ ನೋಡಿ ಮೆಚ್ಚುತ್ತಾರೆ. ನನ್ನ ಮಟ್ಟಿಗೆ ಶಾಂತಿನಿಕೇತನ ಆಶ್ರಮದ ನಿಜವಾದ ಕಾಲ ಮಳೆಗಾಲವೇ. ಕವಿಯ ಋತುಗೀತೆಗಳಲ್ಲಿ ಮಳೆಯ ಪಾಲು ನೂರಕ್ಕೂ ಮಿಕ್ಕಿದೆ, ಮತ್ತು ಕರಾವಳಿಯವಳಿಗೆ ಆ ಹಾಡುಗಳನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಅಂಥದೇ ಮಳೆಗಾಲದಲ್ಲಿ, 2023ರ ವೃಕ್ಷಾರೋಪಣದ ಹಿಂದಿನ ರಾತ್ರಿ, ನನ್ನನ್ನು ಆಸ್ಪತ್ರೆಗೆ ಸೇರಿಸಿದವರು ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯ ದೀದಿ. ಅವರು ಇಂಫಾಲದವರು, ಮಣಿಪುರಿ ನೃತ್ಯದ ವಿದ್ಯಾರ್ಥಿನಿ. 1919ರಲ್ಲಿ ಸಿಲ್ಹೆಟ್‌ನಲ್ಲಿ ಮಣಿಪುರಿ ನೃತ್ಯವನ್ನು ಕಂಡು ಮಾರುಹೋದ ರವೀಂದ್ರನಾಥರು ಆ ನೃತ್ಯದ ಗುರುಗಳನ್ನು ಆಶ್ರಮಕ್ಕೆ ಕರೆಸಿಕೊಂಡಂದಿನಿಂದ ಅಲ್ಲಿಗೂ ಮಣಿಪುರಕ್ಕೂ ನಂಟು ಬೆಳೆದಿದೆ. ಅಂದು ಬೆಳಗಾದರೆ ಪಲ್ಲಕ್ಕಿಯ ಮುಂದೆ ಅವರು ನರ್ತಿಸಬೇಕಿತ್ತು. ವಾರಗಟ್ಟಲೆ ಅಭ್ಯಾಸ ನಡೆದಿತ್ತು, ಹೂವಿನ ಆಭರಣಗಳೂ ಸಿದ್ಧವಾಗಿದ್ದವು. ಅವೆಲ್ಲವನ್ನೂ ಬಿಟ್ಟು ಅವರು ವಾರ್ಡಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ರಾತ್ರಿಯಿಡೀ ಕುಳಿತರು, ಔಷಧಿ ಅಂಗಡಿಗೆ ಮಳೆಯಲ್ಲಿ ಓಡಿದರು, ಯಾರೂ ತಿರುಗಿ ನೋಡದ ಹೊತ್ತಿನಲ್ಲಿ ದನಿ ಎತ್ತರಿಸಿ ವೈದ್ಯರನ್ನು ಕರೆತಂದರು.

ಆ ರಾತ್ರಿ ನಾನು ಸಾಯುತ್ತೇನೆಂದೇ ತಿಳಿದಿದ್ದೆ. ಇದನ್ನು ಮನೆಯವರಿಗೆ ಇಲ್ಲಿಯವರೆಗೆ ಹೇಳಿಲ್ಲ. ಹಾಡು, ಪದವಿ ಯಾವುದೂ ನೆನಪಿಗೆ ಬರಲಿಲ್ಲ. ಅಮ್ಮನಿಗೆ ಯಾರು ಹೇಳುತ್ತಾರೆ, ಯಾವ ಭಾಷೆಯಲ್ಲಿ ಹೇಳುತ್ತಾರೆ ಎಂಬ ಹೆದರಿಕೆಯೊಂದೇ ಇತ್ತು. ನಸುಕಿನಲ್ಲಿ ಜ್ವರ ಸ್ವಲ್ಪ ಇಳಿದಾಗ ಅದನ್ನೇ ದೀದಿಗೆ ಹೇಳಿದೆ. ಅವರು ಔಷಧಿಯ ಬಿಲ್ಲಿನ ಹಿಂಬದಿಯಲ್ಲಿ, ನನ್ನ ಬಾಯಿಂದ ಕೇಳಿಕೊಂಡು, ‘ಅಮ್ಮ, ಜ್ವರ ಇಳಿದಿದೆ, ಮಲಗಿದ್ದಾಳೆ, ನಾನು ಇಲ್ಲೇ ಇದ್ದೇನೆ’ ಎಂಬುದನ್ನು ಬಂಗಾಳಿ ಲಿಪಿಯಲ್ಲಿ ಬರೆದುಕೊಂಡು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದರು. ಅಮ್ಮ ತಿರುಗಿ ಕೇಳಿದ ಯಾವ ಪ್ರಶ್ನೆಯೂ ಅವರಿಗೆ ಅರ್ಥವಾಗಲಿಲ್ಲ. ಅದೇ ವಾಕ್ಯವನ್ನು ಮತ್ತೆ ಮತ್ತೆ ಓದಿದರಂತೆ. ಆ ವರ್ಷ ಜನಾಂಗೀಯ ಹಿಂಸಾಚಾರದಲ್ಲಿ ಮಣಿಪುರ ಹೇಗಿತ್ತೆಂಬುದು ಎಲ್ಲರಿಗೂ ಗೊತ್ತು. ಅವರ ಸ್ವಂತ ಬಂಧುಗಳು ಆಗ ಪರಿಹಾರ ಶಿಬಿರದಲ್ಲಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಬೇರೆಯವರ ಬಾಯಿಂದ.

ಚೇತರಿಕೆಯ ದಿನಗಳಲ್ಲಿ ದೀದಿ ಸಮಾಧಾನದ ಮಾತು ಆಡಿದವರಲ್ಲ. ರವೀಂದ್ರನಾಥರ ‘ಚಿತ್ರಾಂಗದಾ’ ನೃತ್ಯನಾಟಕದ ಅಭ್ಯಾಸಕ್ಕೆ ಹಾಡುವವರು ಬೇಕು, ಬಾ ಎಂದು ಕರೆದರು. ಅಲ್ಲಿನ ನೃತ್ಯನಾಟಕಗಳಲ್ಲಿ ಗಾಯಕರು ಪಕ್ಕದಲ್ಲಿ ಕುಳಿತು ಹಾಡುತ್ತಿದ್ದರೆ ಕಲಾವಿದರು ನರ್ತಿಸುತ್ತಾರೆ. ಹಾಡು ನಿಂತರೆ ಹೆಜ್ಜೆಯೂ ನಿಲ್ಲುತ್ತದೆ. ಎರಡು ಸಾಲು ಹಾಡುವಷ್ಟರಲ್ಲಿ ನಾನು ದಣಿಯುತ್ತಿದ್ದೆ, ಅವರು ಆ ಎರಡು ಸಾಲಿಗೇ ಮತ್ತೊಮ್ಮೆ ನರ್ತಿಸುತ್ತಿದ್ದರು. ಮಣಿಪುರದ ರಾಜಕುಮಾರಿ ಚಿತ್ರಾಂಗದೆಯ ಪಾತ್ರ ಅವರಿಗೆ ವರ್ಷಗಳ ಹಿಂದೆಯೇ ಕರಗತವಾಗಿತ್ತು, ಅಭ್ಯಾಸದ ಅಗತ್ಯವೇ ಇರಲಿಲ್ಲ ಎಂದು ಆಮೇಲೆ ಅವರ ಸಹಪಾಠಿಗಳು ಹೇಳಿದರು.

ಮುಂದಿನ ವಸಂತೋತ್ಸವದಲ್ಲಿ ನಾನು ಬೆಳಗಿನ ಬೈತಾಲಿಕದ, ಅಂದರೆ ಹಾಡುತ್ತ ಸಾಗುವ ಮೆರವಣಿಗೆಯ, ಸಾಲಿನಲ್ಲಿ ನಡೆಯುತ್ತ ಹಾಡಿದೆ. ಆ ಹಬ್ಬದ ಮೂಲ 1907ರಲ್ಲಿ ರವೀಂದ್ರನಾಥರ ಕಿರಿಯ ಮಗ ಶಮೀಂದ್ರನಾಥ ಶಾಲೆಯ ಹುಡುಗರನ್ನು ಕಟ್ಟಿಕೊಂಡು ನಡೆಸಿದ ಋತು ಉತ್ಸವದಲ್ಲಿದೆ. ಆ ಬಾಲಕ ಅದೇ ವರ್ಷ ತೀರಿಕೊಂಡ. ಹಬ್ಬವನ್ನು ತಂದೆ ಬಿಡಲಿಲ್ಲ. ಪರೀಕ್ಷೆಗಾಗಿ ಓದಿಕೊಂಡಿದ್ದ ಈ ಸಂಗತಿ ಅಂದು, ಮುಂದಿನ ಸಾಲಿನಲ್ಲಿ ದೀದಿ ನರ್ತಿಸುತ್ತಿದ್ದುದನ್ನು ನೋಡುತ್ತಿದ್ದಾಗ, ಗಂಟಲನ್ನು ಹಿಡಿಯಿತು. ಊರಲ್ಲಿ ಅಷ್ಟೆಲ್ಲ ನಡೆದಿದ್ದರೂ ಅವರ ತಾಳ ಎಲ್ಲಿಯೂ ತಪ್ಪಿರಲಿಲ್ಲ.

ಆಸ್ಪತ್ರೆಗೆ ಅವರು ಕೈಯಿಂದ ಕಟ್ಟಿದ ಹಣವನ್ನು ಹಿಂದಿರುಗಿಸಲು ಹೋದಾಗ ದೀದಿ ತೆಗೆದುಕೊಳ್ಳಲಿಲ್ಲ. ಬದಲಿಗೆ ಇಂಫಾಲದಲ್ಲಿರುವ ಅಕ್ಕನ ಮಕ್ಕಳಿಬ್ಬರಿಗೆ ಮಳೆಯ ಹಾಡುಗಳನ್ನು ಕಲಿಸಿಕೊಡು ಎಂದರು. ಭಾನುವಾರಗಳಂದು ಫೋನಿನಲ್ಲಿ ಪಾಠ ನಡೆಯುತ್ತಿದೆ. ಕಿರಿಯವಳಿಗೆ ಶ್ರುತಿ ಚೆನ್ನಾಗಿದೆ, ಹಿರಿಯವನು ಇನ್ನೂ ತಾಳ ಎಣಿಸಲು ನಾಚುತ್ತಾನೆ.