ಹನ್ನೆರಡು ವಾರ ಮುಗಿಸಿದವರಿಗೆ, ಮುಗಿಸಲು ನೆರವಾದವರಿಗೆ

ದಪ್ಪ ಮೈಯ ಹೊಸಬರಿಗಾಗಿಯೇ ದಾವಣಗೆರೆಯ ನಮ್ಮ ಜಿಮ್‌ನಲ್ಲಿ ಶುರು ಮಾಡಿದ್ದ ಬೆಳಗಿನ ಬ್ಯಾಚ್ ಕಳೆದ ವಾರ ಹನ್ನೆರಡು ವಾರ ಪೂರೈಸಿತು. 95ರಿಂದ 140 ಕೆ.ಜಿ.ವರೆಗಿನ ತೂಕದವರು, ಹೆಚ್ಚಿನವರು ಅಲ್ಲಿವರೆಗೆ ಜಿಮ್ಮಿನ ಮೆಟ್ಟಿಲು ಹತ್ತದವರು. ಅಭಿನಂದನೆಗಳೆಲ್ಲ ತರಬೇತುದಾರರಾದ ನಮಗೆ ಬರುತ್ತಿವೆ. ಅದರಲ್ಲಿ ದೊಡ್ಡ ಪಾಲು ಬೇರೆಯವರದು. ಯಾರದು, ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇವೆ. ಬೇರೆ ಊರುಗಳಲ್ಲಿ ಇಂಥ ಬ್ಯಾಚ್ ನಡೆಸುವವರಿಗೂ ಉಪಯೋಗಕ್ಕೆ ಬಂದೀತು.

ಮೊದಲ ನಮಸ್ಕಾರ ವೆಲ್ಡಿಂಗ್ ಅಂಗಡಿಯ ಅಣ್ಣನಿಗೆ. ಒಂದೂವರೆ ಇಂಚಿನ ಚೌಕ ಪೈಪಿನಲ್ಲಿ 55, 50, 45 ಸೆಂ.ಮೀ. ಎತ್ತರದ ಮೂರು ಪೀಠ ಮಾಡಿಕೊಟ್ಟರು. ಮೇಲೆ 18 ಮಿ.ಮೀ. ಪ್ಲೈವುಡ್, ಕಾಲಿಗೆ ರಬ್ಬರ್ ಬುಷ್, ಅಲುಗಾಡದಂತೆ ಅಡ್ಡಪಟ್ಟಿ. ಇಡೀ ಬ್ಯಾಚಿಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಸಾಮಾನು ಇನ್ನೊಂದಿಲ್ಲ. ದಾವಣಗೆರೆ ಗರಡಿಮನೆಗಳ ಊರು. ದಪ್ಪಗಿರುವವರನ್ನು ಕಂಡರೆ ಸಾಕು, ‘ದಿನಾ ನೂರು ಬಸ್ಕಿ ಹೊಡಿ, ಎಲ್ಲ ಕರಗುತ್ತೆ’ ಅನ್ನುವವರಿಗೆ ಬರವಿಲ್ಲ. ಚಿಕ್ಕಂದಿನಿಂದ ಸಾಮು ಮಾಡಿದ ಮಂಡಿಗೆ ಅದು ಸರಿ. ಆದರೆ 120 ಕೆ.ಜಿ. ಇರುವವರು ಒಂದು ಸಲ ಕೂತು ಎದ್ದರೆ ಮೊಣಕಾಲಿನ ಮೇಲಿರುವ ನೂರು ಕಿಲೋ ಚಿಲ್ಲರೆ ಭಾರವನ್ನು ಎತ್ತಿದಂತೆಯೇ. ಅವರಿಗೆ ಮೊದಲ ದಿನವೇ ಪೂರ್ತಿ ಬಸ್ಕಿ ಹೇಳಿದರೆ ಮರುದಿನ ಬರುವುದಿಲ್ಲ, ಬರಲು ಆಗುವುದೂ ಇಲ್ಲ.

ಅದಕ್ಕೇ ಬಸ್ಕಿ ಬದಲು ಎತ್ತರದ ಪೀಠದಿಂದ ಶುರು. ಅದರ ಮೇಲೆ ಕೂತು ಏಳುವ ಕ್ರಮ ಹೀಗೆ. ಭುಜಕ್ಕಿಂತ ತುಸು ಅಗಲವಾಗಿ ಪಾದ ಇಟ್ಟು ಬೆರಳುಗಳನ್ನು ಹೊರಕ್ಕೆ ತಿರುಗಿಸಬೇಕು. ಹೊಟ್ಟೆಗೆ ತೊಡೆಗಳ ನಡುವೆ ಜಾಗ ಸಿಗುವುದು ಆಗಲೇ. ಹಿಮ್ಮಡಿಯನ್ನು ಮೊಣಕಾಲಿಗಿಂತ ಹಿಂದಕ್ಕೆ ಎಳೆದುಕೊಂಡು, ಎದೆ ಮುಂದೆ ಬಾಗಿಸಿ, ಉಸಿರು ಬಿಡುತ್ತಾ ಏಳಬೇಕು. ಇಳಿಯುವಾಗ ಮೂರು ಎಣಿಸಬೇಕು. 6ರಿಂದ 8 ಸಲದ ಮೂರು ಸೆಟ್, ನಡುವೆ ಒಂದೂವರೆ ನಿಮಿಷ ವಿರಾಮ. ಮೂರೂ ಸೆಟ್‌ನಲ್ಲಿ 10 ಸಲ ಚೊಕ್ಕವಾಗಿ ಬಂದರೆ ಮುಂದಿನ, ಅದಕ್ಕಿಂತ ತಗ್ಗಿನ ಪೀಠ. ಎಡವಟ್ಟಾಗುವುದು ಕೊನೆಯ ಗೇಣಿನಲ್ಲಿ: ತೊಡೆ ಸೋತು ದಬಕ್ಕನೆ ಕೂರುತ್ತಾರೆ, ಪೆಟ್ಟು ಬಾಲಮೂಳೆಗೆ. ಹಾಗಾದರೆ ‘ಗಟ್ಟಿ ಮನಸ್ಸು ಮಾಡಿ’ ಅನ್ನಬಾರದು, ಪೀಠದ ಮೇಲೆ ಎರಡು ರಬ್ಬರ್ ಮ್ಯಾಟ್ ಹಾಕಿ ಎತ್ತರ ಮಾಡಬೇಕು.

ಟ್ರೆಡ್‌ಮಿಲ್ ಮೆಕ್ಯಾನಿಕ್‌ಗೆ ಎರಡನೇ ನಮಸ್ಕಾರ. ಯಂತ್ರದ ಮೇಲಿನ ಚೀಟಿಯಲ್ಲಿ ಎಷ್ಟು ತೂಕದವರೆಗೆ ಅಂತ ಬರೆದಿರುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ 100–120 ಕೆ.ಜಿ.; ಅಗ್ಗಕ್ಕೆ ಸಿಕ್ಕಿತೆಂದು ಅದನ್ನೇ ಜಿಮ್ಮಿಗೆ ತಂದಿಟ್ಟರೆ ಈ ಬ್ಯಾಚಿಗೆ ಆಗಿಬರುವುದಿಲ್ಲ. ಇನ್ನೊಂದು ವಿಷಯ ಎಷ್ಟೋ ತರಬೇತುದಾರರಿಗೇ ಗೊತ್ತಿರುವುದಿಲ್ಲ: ಮೋಟಾರಿಗೆ ಹೆಚ್ಚು ತ್ರಾಸಾಗುವುದು ವೇಗದಲ್ಲಲ್ಲ, ಭಾರದವರು ನಿಧಾನ ನಡೆಯುವಾಗ. ಬೆಲ್ಟ್ ಒಣಗಿದ್ದರೆ ಅಥವಾ ಸಡಿಲವಾಗಿದ್ದರೆ ಪಾದ ಊರಿದ ಕ್ಷಣ ಅದು ತಡೆದು ನಿಂತು, ಆಮೇಲೆ ಜಗ್ಗುತ್ತದೆ. ಮುಗ್ಗರಿಸುವುದು ಅಲ್ಲೇ, ತಪ್ಪು ನಡೆಯುವವರದಲ್ಲ. ಬೆಲ್ಟಿನ ಅಡಿಗೆ ಸಿಲಿಕಾನ್ ಆಯಿಲ್ ಹಾಕಬೇಕು (ಅಡುಗೆಮನೆಯ ಎಣ್ಣೆ ಬೇಡವೇ ಬೇಡ). ಸಡಿಲವಿದ್ದರೆ ಹಿಂದಿನ ಎರಡೂ ಬೋಲ್ಟ್‌ಗಳನ್ನು ಸಮನಾಗಿ ಕಾಲು ಸುತ್ತು ಬಿಗಿಮಾಡಿ ನೋಡಬೇಕು. ಅವರು ಇದನ್ನೆಲ್ಲ ಕರೆದಾಗಲೆಲ್ಲ ಬಂದು ಮಾಡಿಕೊಟ್ಟರು, ಮೊದಲ ಭೇಟಿಯ ದುಡ್ಡು ತೆಗೆದುಕೊಳ್ಳಲಿಲ್ಲ.

ನಡಿಗೆ ಶುರುವಾದದ್ದು ಗಂಟೆಗೆ 3 ಕಿ.ಮೀ. ವೇಗದಲ್ಲಿ, ಏರು ಸೊನ್ನೆ, ಎಂಟು ನಿಮಿಷ. ಹೆಚ್ಚಿಸುವಾಗ ಮೊದಲು ನಿಮಿಷ, ಆಮೇಲೆ ವೇಗ, ಕೊನೆಗೆ ಏರು. ಮಾತಾಡಲು ಬರಬೇಕು, ಹಾಡಲು ಬರಬಾರದು: ದಮ್ಮಿನ ಅಳತೆ ಅಷ್ಟೇ. ವಾರಕ್ಕೆ 150 ನಿಮಿಷ ಮಧ್ಯಮ ಶ್ರಮ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ ನಿಜ, ಆದರೆ ಅದು ಮುಟ್ಟಬೇಕಾದ ಊರು, ಹೊರಡುವ ಬಸ್‌ಸ್ಟ್ಯಾಂಡ್ ಅಲ್ಲ.

ಪ್ರತಿಯೊಬ್ಬರ ಬಿ.ಪಿ., ಶುಗರ್, ಮಾತ್ರೆಗಳ ಪಟ್ಟಿ ನೋಡಿಕೊಟ್ಟ ಡಾಕ್ಟರಮ್ಮನಿಗೆ ನಾವು ಋಣಿಗಳು. ಅವರು ಹಾಕಿಕೊಟ್ಟ ಗೆರೆಗಳನ್ನು ದಾಟಲಿಲ್ಲ. ಬಿ.ಪಿ. 180/110 ದಾಟಿದ್ದರೆ ಅಂದು ವ್ಯಾಯಾಮವಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರ ಶುಗರ್ 90ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದೇ ಶುರು ಮಾಡಬೇಕು. ನಡುವೆ ಬೆವರಿ ಕೈ ನಡುಗಿದರೆ ಮೂರು ಚಮಚ ಸಕ್ಕರೆ ಕದಡಿದ ನೀರು. ಬಿ.ಪಿ.ಗೆ ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರು ಕೈಗಡಿಯಾರ ತೋರಿಸುವ ಹೃದಯಬಡಿತವನ್ನು ನಂಬಬಾರದು, ಮಾತ್ರೆ ಅದನ್ನು ಏರಗೊಡುವುದಿಲ್ಲ. ಮೈಕೈ ನೋವು ಎರಡು ಮೂರು ದಿನ ಇರುವುದು ಸಹಜ. ಮೂತ್ರ ಕಡು ಚಹದ ಬಣ್ಣಕ್ಕೆ ತಿರುಗಿದರೆ ಮಾತ್ರ ಅದು ನೋವಿನ ಮಾತಲ್ಲ, ಸೀದಾ ಆಸ್ಪತ್ರೆ.

ಟೈಲರ್ ಅಕ್ಕನನ್ನು ಮರೆಯುವಂತಿಲ್ಲ. ಜಿಮ್ ಬಿಡುವವರಲ್ಲಿ ಎಷ್ಟು ಜನ ತೊಡೆ ಉಜ್ಜಿ ಕೆಂಪಗಾಗಿ ಬಿಡುತ್ತಾರೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾಚಿಕೆ. ಹತ್ತಿ ಬಟ್ಟೆ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ಪೌಡರ್ ಗಂಟುಕಟ್ಟಿ ಇನ್ನಷ್ಟು ಗೀರುತ್ತದೆ. ಮೊಣಕಾಲವರೆಗಿನ ಬಿಗಿ ಸೈಕ್ಲಿಂಗ್ ಶಾರ್ಟ್ಸ್ ಒಳಗೆ, ಮೇಲೆ ಸಡಿಲ ಪ್ಯಾಂಟ್, ಉಜ್ಜುವ ಜಾಗಕ್ಕೆ ತೆಳ್ಳಗೆ ವ್ಯಾಸಲಿನ್. ಮುಗಿದ ಕೂಡಲೇ ಸ್ನಾನ ಮಾಡಿ ಮಡಿಕೆಗಳನ್ನು ಒರೆಸಿ ಒಣಗಿಸದಿದ್ದರೆ ಫಂಗಸ್ ಹತ್ತುತ್ತದೆ. ದೊಡ್ಡ ಅಳತೆಯ ಶಾರ್ಟ್ಸ್ ಊರಲ್ಲಿ ಸಿಗದಿದ್ದಾಗ ಅಕ್ಕ ಎಳೆದರೆ ಹಿಗ್ಗುವ ಬಟ್ಟೆ ತರಿಸಿ, ತೊಡೆಸಂದಿಗೆ ಹೊಲಿಗೆ ಬಾರದಂತೆ ನಡುವೆ ಒಂದು ತುಂಡು ಕೊಟ್ಟು ಹೊಲಿದರು.

ಮನೆಯವರಿಗೂ ಸಲ್ಲಬೇಕು. ಬೆಣ್ಣೆದೋಸೆ ಬಿಡಿ ಅಂತ ನಾವು ಯಾರಿಗೂ ಹೇಳಿಲ್ಲ; ದಾವಣಗೆರೆಯಲ್ಲಿ ಹಾಗಂದವರ ಮಾತು ಯಾರು ಕೇಳುತ್ತಾರೆ? ಮಧ್ಯಾಹ್ನದ ತಟ್ಟೆಗೆ ಒಂದು ಹಿಡಿ ಹೆಸರುಕಾಳಿನ ಪಲ್ಯ, ರಾತ್ರಿ ಮೊಟ್ಟೆ ಅಥವಾ ಮೊಸರು ಸೇರಿಸಿ ಅಂದೆವು ಅಷ್ಟೇ. ಎಷ್ಟೋ ಅತ್ತೆಯರು ಸೊಸೆಗಾಗಿ ರಾತ್ರಿಯೇ ಕಾಳು ನೆನೆಹಾಕಿದರು, ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಹೊರಡಿಸಿದರು.

ಆರರಿಂದ ಏಳು ಗಂಟೆಗೆ ಕನ್ನಡಿ ಕಡೆಯ ಅರ್ಧ ಹಾಲ್ ಬಿಟ್ಟುಕೊಟ್ಟ ಹುಡುಗರೇ, ಒಬ್ಬರೂ ಮೊಬೈಲ್ ಎತ್ತಿ ವಿಡಿಯೊ ಮಾಡಲಿಲ್ಲ. ಥ್ಯಾಂಕ್ಸ್ ಕಣ್ರೋ.

ಕೊನೆಗೆ ಬ್ಯಾಚಿನ ಅಕ್ಕಂದಿರು, ಅಣ್ಣಂದಿರು. ನೀವು ಬೆವರು ಸುರಿಸಿದ್ದಕ್ಕಿಂತ, ಯಂತ್ರ ಎಲ್ಲಿ ಒತ್ತುತ್ತದೆ, ಎಲ್ಲಿ ಹಿಡಿಸುವುದಿಲ್ಲ ಅಂತ ನಾಚದೆ ಹೇಳಿದ್ದಕ್ಕೆ ಹೆಚ್ಚು ಕೃತಜ್ಞರು. ಸಪೂರ ಮೈಯ ತರಬೇತುದಾರನಿಗೆ ಅದು ತಾನಾಗಿ ತಿಳಿಯುವುದಿಲ್ಲ. ನೀವು ಹೇಳಿದ್ದರಿಂದಲೇ ಒಂದೊಂದು ಯಂತ್ರಕ್ಕೂ ಹೊಂದಿಸುವ ಬಗೆ ಗೊತ್ತಾಯಿತು. ಕೂತು ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್‌ನಲ್ಲಿ ಹೊಟ್ಟೆ ತೊಡೆಗೆ ತಾಗಿದರೆ ಬೆನ್ನಿನ ಹಲಗೆ ಪೂರ್ತಿ ಹಿಂದಕ್ಕೆ, ಪಾದ ಅಗಲ. ಸೊಂಟ ಹಲಗೆಯಿಂದ ಮೇಲೇಳುವ ಮುಂಚೆಯೇ ನಿಲ್ಲಿಸಬೇಕು, ಇಲ್ಲವಾದರೆ ಕೆಳಬೆನ್ನು ಹಿಡಿದುಕೊಳ್ಳುತ್ತದೆ. ತಲೆ ಮೇಲಿನ ಸರಳನ್ನು ಕೂತು ಕೆಳಕ್ಕೆ ಎಳೆಯುವ ಲ್ಯಾಟ್ ಪುಲ್‌ಡೌನ್‌ನ ತೊಡೆಪಟ್ಟಿ ಮೇಲಿನ ತೂತಿಗೆ ಹಾಕಿದರೂ ಒತ್ತಿದರೆ ಅದನ್ನು ತೆಗೆದೇ ಬಿಡಬಹುದು. ಶುರುವಿನ 15–20 ಕಿಲೋಗೆ ಮೈ ಮೇಲೇಳುವುದಿಲ್ಲ. ಮಟ್ಟಸ ಬೆಂಚಿನಲ್ಲಿ ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗುವವರಿಗೆ ಬೆಂಚ್ 30 ಡಿಗ್ರಿ ಎತ್ತಿ ಡಂಬೆಲ್ ಕೊಡಬೇಕು. ಅದಕ್ಕೂ ಮುಂಚೆ ಬೆಂಚಿನ ಚೀಟಿಯಲ್ಲಿರುವ ಮಿತಿಯೊಳಗೆ ಮೈತೂಕ, ಡಂಬೆಲ್ ಎರಡೂ ಸೇರಿ ಬರುತ್ತವೆಯೇ ನೋಡಬೇಕು. ಪುಷಪ್ ಗೋಡೆಗೆ, ಆಮೇಲೆ ಸ್ಮಿತ್ ಮೆಷಿನ್ನಿನ (ಎರಡು ಕಂಬಗಳ ನಡುವೆ ಸರಳನ್ನು ಬೇಕಾದ ಎತ್ತರದ ಕೊಕ್ಕೆಗೆ ಸಿಗಿಸುವ ಯಂತ್ರ) ಸರಳಿಗೆ ಎದೆಮಟ್ಟದಲ್ಲಿ, ವಾರ ವಾರ ಒಂದೊಂದು ಕೊಕ್ಕೆ ಕೆಳಕ್ಕೆ. ನೆಲದ ವ್ಯಾಯಾಮಕ್ಕೆ ಮುಂಚೆ ನೆಲದಿಂದ ಏಳುವುದನ್ನು ಕಲಿಸಬೇಕು: ಮಗ್ಗುಲಿಗೆ ಹೊರಳಿ, ಅಂಬೆಗಾಲಿಗೆ ಬಂದು, ಬೆಂಚ್ ಹಿಡಿದು ಒಂದು ಪಾದ ಮುಂದೆ ಊರಿ.

ತೂಕದ ಯಂತ್ರವನ್ನು ಮೊದಲ ತಿಂಗಳು ಆಫೀಸ್ ರೂಮಿನಲ್ಲಿಟ್ಟಿದ್ದಕ್ಕೆ ಕೆಲವರಿಗೆ ಸಿಟ್ಟಿತ್ತು. ಹೊಸದಾಗಿ ಭಾರ ಎತ್ತಿದ ಸ್ನಾಯುಗಳು ನೀರು ಹಿಡಿದಿಟ್ಟುಕೊಳ್ಳುವುದರಿಂದ ಶುರುವಿನಲ್ಲಿ ಮುಳ್ಳು ಒಂದು ಕಿಲೋ ಮೇಲಕ್ಕೇ ಹೋಗಬಹುದು, ಅದನ್ನು ನೋಡಿ ಬಿಡುವವರು ಬಹಳ. ಬದಲಿಗೆ ಹೊಕ್ಕುಳ ಮಟ್ಟದ ಸುತ್ತಳತೆ, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದಿರಿ, ಇವೆರಡನ್ನೇ ಒಬ್ಬೊಬ್ಬರ ಕಾರ್ಡಿನಲ್ಲಿ ಬರೆದೆವು. ಆ ಕಾರ್ಡುಗಳು ಕೌಂಟರಿನಲ್ಲಿವೆ, ಬಂದು ತೆಗೆದುಕೊಂಡು ಹೋಗಿ. ಸೋಮವಾರದಿಂದ ನೀವೆಲ್ಲ ಯಾವ ಹೊತ್ತಿಗಾದರೂ ಬರಬಹುದು. ಪೀಠಗಳು, ಆರು ಗಂಟೆಯ ಜಾಗ ಮುಂದಿನ ಬ್ಯಾಚಿಗೆ.