ಹಾಡು ಕಟ್ಟುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಪತ್ರ, ಹಾಡುಗಳು ಎರಡೂ ಸಿಕ್ಕವು. ಮೊದಲು ಹಾಡು ಕೇಳಿದೆ, ಆಮೇಲೆ ಪತ್ರ ಓದಿದೆ. "ಅಕ್ಕಾ, ಎಲ್ಲ ಸರಿ ಇದೆ ಅನ್ಸುತ್ತೆ, ಆದ್ರೂ ಯಾಕೋ ಮನಸ್ಸಿಗೆ ತಾಗ್ತಿಲ್ಲ" ಅಂತ ನೀನೇ ಬರೆದಿದ್ದೀಯ. ನಿನ್ನ ಅನುಮಾನ ನಿಜ. ದನಿ ಚೆನ್ನಾಗಿದೆ, ಶ್ರುತಿ ಗಟ್ಟಿಯಾಗಿದೆ, ರಾಗಗಳೂ ಹಿತವಾಗಿವೆ. ತೊಂದರೆ ಇರುವುದು ಮಾತು ಮತ್ತು ರಾಗ ಕೂಡುವ ಜಾಗದಲ್ಲಿ. ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಎರಡನೇ ಹಾಡಿನ ಪಲ್ಲವಿ ತೆಗೆದುಕೋ. "ಮಳೆ ಬಂದ ಸಂಜೆ" ಅಂತ ಶುರುವಾಗುತ್ತದೆ. ನಿನ್ನ ರಾಗ ಮೊದಲ ಅಕ್ಷರದ ಮೇಲೇ ನಿಂತುಬಿಡುತ್ತದೆ. ಹಾಗಾಗಿ ಕಿವಿಗೆ ಬೀಳುವುದು "ಮಾಳೆ". ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ಮಾತು ಬೇರೆಯಾಗುತ್ತದೆ, ಇಲ್ಲವೇ ಮಾತಾಗಿಯೇ ಉಳಿಯುವುದಿಲ್ಲ. ಕೇಳುವವರಿಗೆ ತಪ್ಪು ಎಲ್ಲಿದೆ ಅಂತ ಹೇಳಲು ಬರಲಿಕ್ಕಿಲ್ಲ. ಆದರೆ ಕಿವಿ ಅಲ್ಲಿ ಒಂದು ಕ್ಷಣ ಎಡವುತ್ತದೆ, ಅಷ್ಟರಲ್ಲಿ ಮುಂದಿನ ಸಾಲು ದಾಟಿ ಹೋಗಿರುತ್ತದೆ. ತಾಗುತ್ತಿಲ್ಲ ಅಂತ ನಿನಗೆ ಅನ್ನಿಸಿದ್ದು ಇದೇ.

ರಾಗ ಬದಲಿಸಬೇಡ. ಮೊದಲ ಅಕ್ಷರ ತಾನಾಗಿಯೇ ದೀರ್ಘವಾಗಿರುವ ಮಾತು ಹುಡುಕು. "ಸೋನೆ ಹಿಡಿದ ಸಂಜೆ" ಅಂತ ಹಾಡಿ ನೋಡು. "ಸೋ" ಮೇಲೆ ಎಷ್ಟು ಹೊತ್ತು ನಿಂತರೂ ಮಾತು ಕೆಡುವುದಿಲ್ಲ. ಇನ್ನೊಂದು ಲಾಭವೂ ಇದೆ. ಮಳೆ ಅಂದರೆ ಯಾವ ಮಳೆಯೂ ಆಗಬಹುದು, ಸೋನೆ ಅಂದ ಕೂಡಲೇ ಸಣ್ಣಗೆ ಬಿಡದೆ ಸುರಿಯುವ ಮಳೆಯೇ ಕಣ್ಣಿಗೆ ಬರುತ್ತದೆ. ಹಾಡುವ ಬಾಯಿಗೆ ಸರಿಹೋಗುವ ಮಾತು ಹುಡುಕುತ್ತಾ ಹೋದರೆ ಎಷ್ಟೋ ಸಲ ಅರ್ಥಕ್ಕೂ ಹೆಚ್ಚು ಒಪ್ಪುವ ಮಾತು ಸಿಗುತ್ತದೆ.

ಇದು ಯಾಕಾಗುತ್ತಿದೆ ಅಂದರೆ, ನೀನು ಮೊದಲು "ತಾನನ" ಅಂತ ಟ್ಯೂನ್ ಮಾಡಿಕೊಂಡು ಆಮೇಲೆ ಅದಕ್ಕೆ ಮಾತು ತುಂಬುತ್ತೀಯ. ಸಿನಿಮಾದಲ್ಲಿ ಹಾಗೆ ಮಾಡುತ್ತಾರೆ, ಅದನ್ನು ಅದ್ಭುತವಾಗಿ ಮಾಡುವವರೂ ಇದ್ದಾರೆ. ಅವರಿಗೆ ಕಥೆಯ ಸನ್ನಿವೇಶ ಇರುತ್ತದೆ, ಶೂಟಿಂಗ್ ದಿನಾಂಕ ಗೊತ್ತಾಗಿರುತ್ತದೆ. ನಿನ್ನನ್ನು ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ, ಅಲ್ವಾ? ಹಾಗಾದರೆ ಸ್ವಲ್ಪ ದಿನ ಉಲ್ಟಾ ಮಾಡು. ಗಿಟಾರ್ ಬದಿಗಿಡು. ಸಾಲನ್ನು ಗೆಳತಿಗೆ ಹೇಳುವ ಹಾಗೆ ಜೋರಾಗಿ ಹೇಳು. ಎಲ್ಲಿ ದನಿ ಏರುತ್ತದೆ, ಎಲ್ಲಿ ತಾನಾಗಿಯೇ ನಿಲ್ಲುತ್ತದೆ, ಎಲ್ಲಿ ಒತ್ತಕ್ಷರ ಬಂದು ನಾಲಿಗೆ ತಡೆಯುತ್ತದೆ, ಎಲ್ಲ ಗಮನಿಸು. ರಾಗದ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ.

ಶಾಲೆಯಲ್ಲಿ ಮಾತ್ರೆ ಎಣಿಸಿದ್ದು ನೆನಪಿದೆಯಾ? ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಸೊನ್ನೆ ಇರುವುದಕ್ಕೂ ಎರಡು. ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಅದನ್ನು ಬಿಟ್ಟುಬಿಡುತ್ತೇವೆ. ಹಾಡು ಬರೆಯುವವರು ಬಿಡಬಾರದು. "ಸೋನೆ ಹಿಡಿದ ಸಂಜೆ", ಎಣಿಸು: ಮೂರು, ಮೂರು, ಮೂರು. ನಿನ್ನ ಗಿಟಾರ್ ಮಾತ್ರ ನಾಲ್ಕರಲ್ಲಿ ಓಡುತ್ತಿದೆ. ಮೂರರ ನಡೆಯ ಮಾತನ್ನು ನಾಲ್ಕಕ್ಕೆ ಹಿಗ್ಗಿಸಿದಾಗಲೇ ಬೇಡದ ಅಕ್ಷರ ಉದ್ದವಾಗುವುದು. ನಾಲ್ಕರ ನಡೆಯ ಕೆಹರ್ವಾ ತಾಳ ಬಿಟ್ಟು ಆರು ಮಾತ್ರೆಯ ದಾದ್ರಾ ತಾಳದಲ್ಲಿ ನುಡಿಸು. ನಿಮ್ಮ ಬ್ಯಾಂಡಿನವರಿಗೆ ಸಿಕ್ಸ್ ಎಯ್ಟ್ ಅಂದರೆ ಅರ್ಥವಾಗುತ್ತದೆ.

ನೀನು ಗದಗದವಳು ಅಂತ ಓದಿ ಖುಷಿಯಾಯಿತು. ಕುಮಾರವ್ಯಾಸನ ಊರಿನವಳಿಗೆ ನಡೆಯ ಪಾಠ ಹೊರಗಿನಿಂದ ಬರಬೇಕಿಲ್ಲ. ಅವನ ಭಾಮಿನಿ ಷಟ್ಪದಿ ಮೂರು ನಾಲ್ಕು, ಮೂರು ನಾಲ್ಕು ಅಂತ ಸಾಗುತ್ತದೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳನ್ನು ಒಂದು ಸಂಜೆ ಕೂತು ಕೇಳು. ತಾಳ ಹಾಕದೆ ಓದಿದರೂ ಆ ಏಳರ ನಡೆ ಮೈಗೆ ಇಳಿಯುತ್ತದೆ. ಅದರಲ್ಲಿ ನಿನ್ನ ಕಾಲದ ಮಾತಿಟ್ಟು ಒಂದು ಹಾಡು ಕಟ್ಟು. ಕನ್ನಡದ ಹೊಸ ಬ್ಯಾಂಡುಗಳು ಏಳರ ಕಡೆ ಹೆಚ್ಚು ಹೋಗಬೇಕು ಅಂತ ನನಗೆ ಬಹಳ ದಿನದಿಂದ ಆಸೆ.

ಪ್ರಾಸದ ವಿಷಯ. ನಿನ್ನ ಚರಣದಲ್ಲಿ "ನೆನಪಾದೆ, ದೂರಾದೆ, ಮೌನವಾದೆ" ಅಂತ ಸಾಲುಗಳು ಮುಗಿಯುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಎಲ್ಲಕ್ಕೂ ಒಂದೇ ಬಾಲ ಇರುತ್ತದೆ. ಹಾಗಾಗಿ ಈ ಪ್ರಾಸ ಸುಮ್ನೆ ಕೂತರೂ ಸಿಗುತ್ತದೆ, ಸುಲಭವಾಗಿ ಸಿಕ್ಕಿದ್ದು ಅಂತ ಕೇಳುವವರಿಗೂ ಗೊತ್ತಾಗುತ್ತದೆ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ತಲೆಯಲ್ಲಿ, ಎರಡನೇ ಅಕ್ಷರದಲ್ಲಿ ಇಡುತ್ತಿದ್ದರು. "ಸೋನೆ ಹಿಡಿದ ಸಂಜೆ, ಮೌನವಾಗಿ ನಿಂತೆ": ಎರಡೂ ಕಡೆ ಎರಡನೇ ಅಕ್ಷರ ನಕಾರ. ಕೇಳುವವರು ಗುರುತಿಸುವುದಿಲ್ಲ, ಆದರೆ ಎರಡು ಸಾಲಿಗೆ ನಂಟು ಬೀಳುತ್ತದೆ. ಸಾಲಿನ ಕೊನೆ ಹಗುರಾಗುತ್ತದೆ, ಅಲ್ಲಿ ಹೇಳಬೇಕಾದ್ದನ್ನೇ ಹೇಳಬಹುದು.

ಇನ್ನೊಂದು ಮಾತು. ಪತ್ರದ ಕೊನೆಗೆ "ಹೊಂಟೇನಿ ಅಕ್ಕಾ, ಡ್ಯೂಟಿಗೆ ಹೊತ್ತಾತು" ಅಂತ ಬರೆದಿದ್ದೀಯ. ಅಷ್ಟೂ ಹಾಡುಗಳಲ್ಲಿ ಇಷ್ಟು ಜೀವಂತ ಸಾಲು ನನಗೆ ಸಿಗಲಿಲ್ಲ. ಹಾಡಲು ಕೂತಾಗ ಯಾಕೆ ಬೆಂಗಳೂರಿನ ಸಿನಿಮಾ ಕನ್ನಡಕ್ಕೆ ಹೋಗುತ್ತೀಯ? ಷರೀಫರು ತಮ್ಮ ಸೀಮೆಯ ಮಾತಲ್ಲೇ ಹಾಡಿದರು, ಬೇಂದ್ರೆ ಧಾರವಾಡದ ಮಾತಲ್ಲೇ ಬರೆದರು. ಕರ್ನಾಟಕ ಪೂರ್ತಿ ಅದನ್ನು ಹಾಡುತ್ತಿದೆ. ಯಾರಿಗೂ ಅರ್ಥವಾಗದೆ ಹೋಗಿಲ್ಲ.

ದನಿಗೆ ಬರುತ್ತೇನೆ. ಚರಣದ ಮೇಲಿನ ಸ್ವರ ಬಂದಾಗ ನಿನ್ನ ಗಂಟಲು ಬಿಗಿಯುತ್ತದೆ. ಹಾಡಿನ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ ಎರಡನ್ನೂ ಬರೀ ಮಾತಿನ ದನಿಯಲ್ಲಿ ಹಾಡಿ ನೋಡಿ ಶ್ರುತಿ ಗೊತ್ತು ಮಾಡು. ಬೇರೆ ಗಾಯಕಿಯ ಟ್ರ್ಯಾಕ್ ಯಾವ ಶ್ರುತಿಯಲ್ಲಿದೆ ಅನ್ನುವುದು ನಿನಗೆ ಲೆಕ್ಕಕ್ಕಿಲ್ಲ. ಗಿಟಾರಿನ ಶ್ರುತಿ ಏರಿಸಲು ಹಾಕುವ ಕ್ಲಿಪ್ಪು, ಕ್ಯಾಪೋ, ಅದನ್ನು ಒಂದೆರಡು ಮನೆ ಕೆಳಗಿಳಿಸಿದರೆ ಮುಗಿಯಿತು, ನಾಚಿಕೆ ಏನಿಲ್ಲ. ಉಸಿರು ಎಲ್ಲಿ ತೆಗೆಯಬೇಕು ಅಂತ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕು. ಈಗ "ಕಣ್ಣಂಚಿನಲಿ" ಅನ್ನುವಾಗ "ಕಣ್ಣಂ" ಆದ ಮೇಲೆ ಉಸಿರು ಎಳೆಯುತ್ತೀಯ, ಮಾತು ಎರಡು ತುಂಡಾಗುತ್ತದೆ. ಗುರುಗಳ ಹತ್ತಿರ ಕಲಿಯಬೇಕಾ ಅಂತ ಕೇಳಿದ್ದೀಯ. ಖಂಡಿತ ಕಲಿ. ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ನಿಮ್ಮೂರಲ್ಲೇ ಇದೆ, ಅಲ್ಲಿ ಕಲಿತವರು ನಾಡಿನ ತುಂಬ ಇದ್ದಾರೆ. ವಾರಕ್ಕೆ ಒಂದು ಗಂಟೆ ಪಾಠ, ದಿನಾ ಬೆಳಿಗ್ಗೆ ಷಡ್ಜ ಹಿಡಿದು ನಿಲ್ಲುವುದು, ಸದ್ಯಕ್ಕೆ ಅಷ್ಟು ಸಾಕು.

ರೆಕಾರ್ಡಿಂಗಿಗೆ ಪಿಜಿ ರೂಮೇ ಸಾಕು. ಬಟ್ಟೆ ತುಂಬಿದ ಬೀರು ತೆರೆದಿಟ್ಟು ಅದರ ಎದುರು ಹಾಡು, ಗೋಡೆಯ ಪ್ರತಿಧ್ವನಿ ಕಡಿಮೆಯಾಗುತ್ತದೆ. ಮೈಕಿಗೂ ಬಾಯಿಗೂ ಒಂದು ಗೇಣು ಅಂತರ ಇರಲಿ. ಸ್ವರ ತಿದ್ದುವ ಆಟೋಟ್ಯೂನ್ ಹಾಕುವುದಾದರೆ ಕೈ ಬಿಗಿ ಹಿಡಿ. ಜಾಸ್ತಿಯಾದರೆ ಸ್ವರದಿಂದ ಸ್ವರಕ್ಕೆ ನೀನು ಜಾರುವ ಆ ಎಳೆ ಮೊದಲು ಸಾಯುತ್ತದೆ, ನಿನ್ನ ಗಾಯನದಲ್ಲಿ ನನಗೆ ತುಂಬ ಇಷ್ಟವಾದದ್ದು ಅದೇ.

ಸಿನಿಮಾಗೆ ಹೋಗದಿದ್ದರೆ ಹಾಡು ಜನಕ್ಕೆ ತಲುಪುತ್ತದಾ ಅಂತ ಕೇಳಿದ್ದೀಯ. ಗಾಯಕ ಕಾಳಿಂಗರಾಯರು ಕವಿಗಳ ಪದ್ಯಗಳನ್ನು ಸಭೆಯಿಂದ ಸಭೆಗೆ ಹೊತ್ತು ಹಾಡಿದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಕ್ಯಾಸೆಟ್ ಮನೆಮನೆ ಮುಟ್ಟಿತು. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗ ಅದರಲ್ಲಿ ಷರೀಫರ ಪದವೂ ಇತ್ತು. ಸಿನಿಮಾದ ಹೊರಗೆ ಹಾಡುವುದು ನಮ್ಮಲ್ಲಿ ಹೊಸದಲ್ಲ, ಅದೇ ಒಂದು ದೊಡ್ಡ ಪರಂಪರೆ.

ಈಗ ಆ ಮ್ಯೂಸಿಕ್ ಕಂಪನಿಯ ಒಪ್ಪಂದದ ವಿಷಯ. ಆತುರ ಪಡಬೇಡ. ಹಾಡು ಬೇರೆ, ಅದರ ರೆಕಾರ್ಡಿಂಗ್ ಬೇರೆ, ಕಾನೂನಿನಲ್ಲಿ ಎರಡೂ ಪ್ರತ್ಯೇಕ ಆಸ್ತಿ. ಸಾಹಿತ್ಯ, ರಾಗ ಎರಡೂ ನಿನ್ನವು. ರೆಕಾರ್ಡಿಂಗನ್ನು ಅವರು ಮುಂದೆ ನಿಂತು, ದುಡ್ಡು ಹಾಕಿ ಮಾಡಿಸಿದರೆ ಅದು ಅವರದಾಗುತ್ತದೆ. ನೀನೇ ಮಾಡಿಸಿದರೆ ನಿನ್ನದು. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಆಮೇಲೆ ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ಸಮಪಾಲು ಕೊಡಲೇಬೇಕು. ಆ ಪಾಲು ಕೈಗೆ ಬರಬೇಕಾದರೆ ಸಾಹಿತ್ಯ, ಸಂಗೀತದ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ತಗೋ, ಸಾಹಿತ್ಯಕ್ಕೂ ರಾಗಕ್ಕೂ ನಿನ್ನ ಹೆಸರನ್ನೇ ನೋಂದಾಯಿಸು. ಒಪ್ಪಂದದಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ದರೆ ಕಾಯ್ದೆ ಐದು ವರ್ಷ ಅಂತ ತಿಳಿಯುತ್ತದೆ. ಆದರೆ ನಿನಗೆ ಬಂದ ಕಾಗದದಲ್ಲಿ "ಶಾಶ್ವತವಾಗಿ" ಅಂತಲೇ ಇದೆ. ಆ ಮಾತು ತೆಗೆಸು, ಇಲ್ಲವೇ ಸಹಿ ಹಾಕಬೇಡ. ದಾಸರು ಪದದ ಒಳಗೇ ಅಂಕಿತ ಇಟ್ಟರು. ನೀನು ಕಾಗದದ ಮೇಲೆ ಇಡಬೇಕು.

ಬೇಂದ್ರೆಯವರ ಕವಿತೆಗೆ ರಾಗ ಹಾಕುವ ಆಸೆ ಇದೆ ಅಂದಿದ್ದೀಯ. ಅವರು ತೀರಿಕೊಂಡಿದ್ದು 1981ರಲ್ಲಿ. ಕವಿಯ ನಂತರ ಅರವತ್ತು ವರ್ಷ ಹಕ್ಕು ಇರುತ್ತದೆ, ಅಂದರೆ 2041 ಮುಗಿಯುವ ತನಕ ಅನುಮತಿ ಬೇಕು. ಹಕ್ಕುದಾರರಿಗೆ ಬರೆದು ಕೇಳು. ಷರೀಫರ ಪದಗಳ ಹಕ್ಕಿನ ಅವಧಿ ಮುಗಿದಿದೆ, ಅವು ಎಲ್ಲರವು, ಆದರೆ ಅವಕ್ಕೆ ಸಿ. ಅಶ್ವತ್ಥ್ ಹಾಕಿದ ರಾಗ ಎಲ್ಲರದಲ್ಲ. ಹಾಡುವುದಾದರೆ ರಾಗ ನಿನ್ನದೇ ಇರಲಿ.

ಒಪ್ಪಂದದ ಪೂರ್ತಿ ಪ್ರತಿಯನ್ನು ನನಗೆ ಕಳಿಸು, ಪರಿಚಯದ ವಕೀಲರೊಬ್ಬರಿಗೆ ತೋರಿಸುತ್ತೇನೆ. ಅದರ ಜೊತೆ ಎರಡನೇ ಹಾಡನ್ನು ದಾದ್ರಾದಲ್ಲಿ ಮತ್ತೆ ಹಾಡಿ ಕಳಿಸು. ಫೋನಿನಲ್ಲಿ ಮಾಡಿದ್ದೇ ಸಾಕು, ರಿವರ್ಬ್ ಬೇಡ.

ಇಂತಿ,
ನಿನ್ನ ಅಕ್ಕ